ಅಳಲಿ ಬಿಡು, ತಾನೇ ಕಲಿಯುತ್ತದೆ

ಈ ವರ್ಷದ ಸಂಚಿಕೆಗೆ ನಾಯಿಮರಿಯ ವಿಷಯವಾಗಿ ಬರೆಯುತ್ತೇನೆಂದು ಹೇಳಿದಾಗ ಸಂಪಾದಕ ಸಮಿತಿಯ ಗೆಳೆಯರು ನಕ್ಕರು. "ಅಂತಿಮ ವರ್ಷದವನು, ಇತಿಹಾಸ ಓದಿದವನು, ಪ್ರಜಾಪ್ರಭುತ್ವದ ಮೇಲೋ ನಿರುದ್ಯೋಗದ ಮೇಲೋ ಬರೆಯಬಾರದೆ?" ಎಂದು ಒಬ್ಬ ಮಿತ್ರರು ಕೇಳಿದರು. ನಿರುದ್ಯೋಗದ ಮೇಲೆ ಬರೆಯಲು ಮುಂದಿನ ವರ್ಷ ನನಗೆ ಬೇಕಾದಷ್ಟು ಬಿಡುವು ಸಿಗುವ ಸಂಭವವಿದೆ. ಆದ್ದರಿಂದ ಅದನ್ನು ಅಂದಿಗೆ ಇಟ್ಟುಕೊಂಡು, ಈಗ ನಾನು ಕಣ್ಣಾರೆ ಕಂಡು ತಿಳಿದ ಒಂದು ಸಂಗತಿಯನ್ನು ಬರೆಯುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಹೊಸದಾಗಿ ಮನೆಗೆ ತಂದ ನಾಯಿಮರಿ ರಾತ್ರಿ ಅತ್ತರೆ ಎದ್ದು ಹೋಗಿ ಅದರ ಪಕ್ಕದಲ್ಲಿ ಮಲಗಬೇಕು. "ಅಳಲಿ ಬಿಡು, ತಾನೇ ಕಲಿಯುತ್ತದೆ" ಎಂದು ತಿಳಿದವರೂ ತಿಳಿಯದವರೂ ಒಂದೇ ಬಾಯಿಯಿಂದ ಹೇಳುವ ಮಾತು ತಪ್ಪು. ಹಾಗೆ ಎದ್ದು ಹೋಗಲು ಆಗದ ಮನೆಯವರು ಮರಿಯನ್ನು ತರಬಾರದು. ಇಷ್ಟೇ. ಇದನ್ನು ಹೇಳಲು ನಾಲ್ಕು ಸಾಲು ಸಾಕಾಯಿತು. ಆದರೆ ಈ ನಾಲ್ಕು ಸಾಲನ್ನು ಕಲಿಯಲು ನನಗೆ ಎರಡು ನಾಯಿಗಳು ಬೇಕಾದವು. ಅವುಗಳಲ್ಲಿ ಒಂದು ಈಗ ಎಲ್ಲಿದೆಯೋ, ಇದೆಯೋ ಇಲ್ಲವೋ, ನನಗೆ ತಿಳಿಯದು.

ಪಿ.ಯು.ಸಿ. ಓದುತ್ತಿದ್ದಾಗ ನಾನು ಪಟ್ಟಣದಲ್ಲಿ ಬಂಧುಗಳ ಮನೆಯಲ್ಲಿದ್ದೆ. ಮನೆಯ ಯಜಮಾನರನ್ನು ಮಾವ ಎಂದು ಕರೆಯುತ್ತಿದ್ದೆ. ಸಜ್ಜನರು, ನನ್ನ ಊಟಕ್ಕೆ ಒಂದು ದಿನವೂ ಲೆಕ್ಕ ಹಾಕಿದವರಲ್ಲ. ಒಂದು ಸಂಜೆ ಅವರು, ರಸ್ತೆಯ ಬದಿಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು ಮಾರುತ್ತಿದ್ದವನಿಂದ ಒಂದು ಬಿಳಿಯ ಮರಿಯನ್ನು ಕೊಂಡು ತಂದರು. ಮಾರಿದವನು ಅದನ್ನು ಪಾಮೆರೇನಿಯನ್ ಎಂದಿದ್ದನಂತೆ, ಎರಡು ತಿಂಗಳು ತುಂಬಿದೆ ಎಂದಿದ್ದನಂತೆ. ಬೆಳೆದ ಮೇಲೆ ನೋಡಿದರೆ ಅದರಲ್ಲಿ ಪಾಮೆರೇನಿಯನ್ ಎಂಬುದು ಬಣ್ಣದಲ್ಲಿ ಮಾತ್ರ ಇತ್ತು. ಎರಡು ತಿಂಗಳೆಂಬುದೂ ಅಷ್ಟೇ ನಿಜ. ತಟ್ಟೆಯಿಂದ ನೆಕ್ಕಿ ಕುಡಿಯಲೂ ಸರಿಯಾಗಿ ಬಾರದ, ನಡೆದರೆ ಹಿಂಗಾಲು ಜಾರುವ ಕೂಸು ಅದು. ತಿಂಗಳು ತುಂಬಿತ್ತೋ ಇಲ್ಲವೋ! ಮನೆಯ ಮಕ್ಕಳು ಅದಕ್ಕೆ ಮೋತಿ ಎಂದು ಹೆಸರಿಟ್ಟರು.

ಸಂಜೆಯೆಲ್ಲ ಅದು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಯಿತು. ರಾತ್ರಿ ಹತ್ತಕ್ಕೆ, ಮೆಟ್ಟಿಲ ಕೆಳಗೆ ನೀರಿನ ಮೋಟಾರು ಇಟ್ಟಿದ್ದ ಜಾಗದಲ್ಲಿ ಗೋಣಿಚೀಲ ಹಾಸಿ ಅಲ್ಲಿ ಬಿಟ್ಟರು. ದೀಪ ಆರಿಸಿ ಐದು ನಿಮಿಷವಾಗಿತ್ತೋ ಇಲ್ಲವೋ, ಅಳು ಶುರುವಾಯಿತು. ಮೊದಲು ಕುಂಯ್ ಕುಂಯ್ ಎಂಬ ಸಣ್ಣ ದನಿ, ಆಮೇಲೆ ಕೀರಲು, ನಡುರಾತ್ರಿಯ ಹೊತ್ತಿಗೆ ಅಷ್ಟು ಚಿಕ್ಕ ಗಂಟಲಿನಿಂದ ಹೊರಡಬಹುದೆಂದು ನಂಬಲಾಗದ ಊಳು. ನಾನು ಎದ್ದು ಕುಳಿತೆ. ಕೋಣೆಯ ಆಚೆಯಿಂದ ಮಾವ, "ಯಾರೂ ಹೋಗಬೇಡಿ. ಒಂದು ಸಲ ಹೋದರೆ ಮುಗಿಯಿತು, ದಿನಾ ಅಳುತ್ತೆ. ಅಳಲಿ ಬಿಡಿ, ತಾನೇ ಕಲಿಯುತ್ತೆ" ಎಂದರು. ಅವರ ಕಚೇರಿಯಲ್ಲಿ ನಾಯಿ ಸಾಕಿದವರೊಬ್ಬರು ಹಾಗೆಂದು ಹೇಳಿಕೊಟ್ಟಿದ್ದರು. ಮಾರನೆಯ ದಿನ ನನಗೆ ಕಿರುಪರೀಕ್ಷೆ ಇತ್ತು. ನಾನು ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡು ಮಲಗಿದೆ.

ಎರಡನೆಯ ರಾತ್ರಿಯೂ ಹಾಗೆಯೇ ಆಯಿತು. ಮೂರನೆಯ ರಾತ್ರಿ ಪಕ್ಕದ ಮನೆಯವರು ಕಿಟಕಿ ತೆಗೆದು ಬೈದರು. ನಾಲ್ಕನೆಯ ರಾತ್ರಿ ಸದ್ದಿಲ್ಲ. "ನೋಡಿದಿರಾ, ಕಲಿತುಬಿಟ್ಟಿತು!" ಎಂದು ಮಾವ ಹೆಮ್ಮೆಯಿಂದ ಹೇಳಿದರು. ನಾವೆಲ್ಲರೂ ಹೌದೆಂದೆವು.

ಅದು ಏನನ್ನು ಕಲಿಯಿತು ಎಂಬುದನ್ನು ಯಾರೂ ಕೇಳಿಕೊಳ್ಳಲಿಲ್ಲ. ಇದೇ ನನ್ನ ಲೇಖನದ ಪ್ರಶ್ನೆ.

ನಾಯಿಮರಿ ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಕಿವಿ ಕೇಳುವುದಿಲ್ಲ. ಕಣ್ಣು ತೆರೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು; ಕಿವಿ ಕೇಳಲು ಇನ್ನೂ ಕೆಲವು ದಿನ. ಮೊದಲ ಕೆಲವು ವಾರಗಳಲ್ಲಿ ಅದು ತನ್ನ ಮೈಯ ಕಾವನ್ನು ತಾನು ಕಾಪಾಡಿಕೊಳ್ಳಲಾರದು. ತಾಯಿಯ ಹೊಟ್ಟೆಯ ಬಳಿ, ಅಣ್ಣತಮ್ಮಂದಿರ ರಾಶಿಯಲ್ಲಿ ಒಂದರ ಮೇಲೊಂದು ಬಿದ್ದು ಮಲಗಿದರೇನೇ ಅದಕ್ಕೆ ಬೆಚ್ಚಗೆ. ಅಂದಮೇಲೆ, ಪಕ್ಕದಲ್ಲಿ ಇನ್ನೊಂದು ಮೈ ಇಲ್ಲದ ಒಂದು ರಾತ್ರಿಯನ್ನೂ ಅದು ಹುಟ್ಟಿದಂದಿನಿಂದ ಕಂಡಿರುವುದಿಲ್ಲ. ನಮ್ಮ ಮನೆಗೆ ಬಂದ ರಾತ್ರಿಯೇ ಅಂಥ ಮೊದಲನೆಯ ರಾತ್ರಿ. ಕಾಡಿನಲ್ಲಿ ಗುಂಪು ತಪ್ಪಿದ ಮರಿ ಕೂಗುವುದು ಗುಂಪಿಗೆ ಕೇಳಲೆಂದು. ಕೂಗದ ಮರಿಗೆ ಚಳಿ ಇದೆ, ಹಸಿವಿದೆ, ನರಿ ಇದೆ. ಇದನ್ನು ನಾವು ಹಟವೆಂದು ಕರೆಯುತ್ತೇವೆ!

ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲರ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಅನೇಕ ವರ್ಷ ನಾಯಿಮರಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವೇ ನಾಯಿಯ ಬಾಳಿನಲ್ಲಿ ನಿರ್ಣಾಯಕವಾದುದೆಂದು ಅವರು ಕಂಡುಕೊಂಡರು. ಆ ಅವಧಿಯಲ್ಲಿ ಯಾರ ಒಡನಾಟ ದೊರೆಯುತ್ತದೆಯೋ ಅವರನ್ನು ಅದು ತನ್ನವರೆಂದು ಒಪ್ಪಿಕೊಳ್ಳುತ್ತದೆ. ಮನುಷ್ಯನ ಒಡನಾಟವೇ ದೊರೆಯದಿದ್ದರೆ ಮುಂದೆ ಮನುಷ್ಯನನ್ನು ಕಂಡರೆ ಹೆದರುತ್ತದೆ. ಆ ಬಾಗಿಲು ಒಂದು ಸಲ ಮುಚ್ಚಿದರೆ ಮತ್ತೆ ತೆರೆಯುವುದು ಬಹಳ ಕಷ್ಟ. ನಾವು ಮರಿಯನ್ನು ಮನೆಗೆ ತರುವುದು ಸರಿಯಾಗಿ ಈ ಅವಧಿಯ ಮಧ್ಯದಲ್ಲಿ. ಮೆಟ್ಟಿಲ ಕೆಳಗೆ ಬಿಡುವುದೂ ಆಗಲೇ.

ಮೋತಿ ಕಲಿತದ್ದು ಇದು: ಕೂಗಿದರೆ ಯಾರೂ ಬರುವುದಿಲ್ಲ. ಅದು ನಮ್ಮನ್ನು ಕೂಗುವುದನ್ನು ಬಿಟ್ಟಿತು. ಬರಬರುತ್ತಾ ಕರೆದರೆ ಬರುವುದನ್ನೂ ಬಿಟ್ಟಿತು. ಬಾಲ ಕಾಲ ನಡುವೆ ಇಟ್ಟುಕೊಂಡು ಮೋಟಾರಿನ ಹಿಂದೆ ಸೇರುತ್ತಿತ್ತು. ತಟ್ಟೆಯ ಹತ್ತಿರ ಯಾರ ಕಾಲು ಕಂಡರೂ ಗುರ್ ಎನ್ನುತ್ತಿತ್ತು. ಎಂಟು ತಿಂಗಳಾದಾಗ ಹಾಲು ಹಾಕಲು ಬಂದ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಆ ಹುಡುಗನು ನನಗಿಂತ ಎರಡು ವರ್ಷ ಚಿಕ್ಕವನು. ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕೆಂಬುದೂ ನಮಗೆ ಅಂದು ತಿಳಿಯದು. ಅತ್ತೆ ಅರಿಶಿನ ಒತ್ತಿದರು. ಅವನು ಚುಚ್ಚುಮದ್ದಿಗೆ ಕಚ್ಚಿದ ದಿನ, 3ನೆಯ ದಿನ, 7ನೆಯ ದಿನ, 28ನೆಯ ದಿನ, ಹೀಗೆ ನಾಲ್ಕು ಸಲ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತನು. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಆ 28 ದಿನ ಅವನ ತಾಯಿ ಹೇಗೆ ಕಳೆದಳೋ ನಾನು ಊಹಿಸಬಲ್ಲೆ. ದೇವರ ದಯೆಯಿಂದ ಏನೂ ಆಗಲಿಲ್ಲ.

ಒಂದು ಭಾನುವಾರ ಮಾವ ಮೋತಿಯನ್ನು ಗೋಣಿಚೀಲದಲ್ಲಿ ಹಾಕಿ, ಆಟೋದಲ್ಲಿ ಇಟ್ಟುಕೊಂಡು, ಹೆದ್ದಾರಿಯ ಆಚೆ ಒಂದು ಡಾಬಾದ ಬಳಿ ಬಿಟ್ಟು ಬಂದರು. ಚೀಲದ ಬಾಯಿ ಹಿಡಿದವನು ನಾನು. ಅಂದು ಕೂಡ ಅದು ಅಳಲಿಲ್ಲ. ಕಲಿತಿತ್ತಲ್ಲ!

ಅದು ಹಾಗಾದದ್ದಕ್ಕೆ ಆ ಮೂರು ರಾತ್ರಿಗಳೇ ಕಾರಣವೆಂದು ನಾನು ಸಾಧಿಸಲಾರೆ. ಎಳೆಯದರಲ್ಲೇ ತಾಯಿಯಿಂದ ಬೇರ್ಪಡಿಸಿದ್ದೂ, ಆಮೇಲೆ ಹಗಲೆಲ್ಲ ಕಟ್ಟಿಹಾಕಿದ್ದೂ ಸೇರಿರಬೇಕು. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ರಸ್ತೆ ಬದಿಯ ರಟ್ಟಿನ ಪೆಟ್ಟಿಗೆಗೆ ಆ ನಿಯಮ ಇನ್ನೂ ತಲುಪಿಲ್ಲ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಆ ಕಾಯಿದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಮಾವ ಆಟೋಗೆ ಕೊಟ್ಟದ್ದೇ ಅದಕ್ಕಿಂತ ಹೆಚ್ಚು.

ಇನ್ನು ಎರಡನೆಯ ನಾಯಿಯ ವಿಷಯ. ಅದಕ್ಕೆ ಮೊದಲು ನಮ್ಮ ಮನೆಯ ಕಸುಬನ್ನು ಹೇಳಬೇಕಾಗಿದೆ. ವಿಷಯಕ್ಕೆ ಸಂಬಂಧವಿದೆಯೆಂದು ಹೇಳುತ್ತೇನೆ. ನಮ್ಮದು ಚಳ್ಳಕೆರೆಯ ಸೀಮೆ. ಅಜ್ಜನ ಕಾಲದಿಂದ ಕುರಿ ಕಾಯುವವರು. ಸುಗ್ಗಿ ಮುಗಿದ ಮೇಲೆ ಅಪ್ಪ ಮಂದೆಯನ್ನು ಹೊಡೆದುಕೊಂಡು ಊರಿಂದೂರಿಗೆ ಹೋಗಿ, ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುತ್ತಿದ್ದರು. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಮಂದೆಯ ಜೊತೆ ಯಾವಾಗಲೂ ಎರಡು ಮೂರು ನಾಯಿ. ಅವುಗಳನ್ನು ನಾವು "ಸಾಕುತ್ತೇವೆ" ಎಂದು ಎಂದೂ ಹೇಳಿದ್ದಿಲ್ಲ. ಅವು ಇದ್ದವು, ಅಷ್ಟೆ. ಮುದ್ದೆ ಮಜ್ಜಿಗೆ ತಿನ್ನುತ್ತಿದ್ದವು, ತೋಳದ ವಾಸನೆ ಬಂದರೆ ಊರಿಗೆಲ್ಲ ಕೇಳುವಂತೆ ಬೊಗಳುತ್ತಿದ್ದವು.

ಈ ಲೇಖನಕ್ಕೆ ಕುಳಿತಾಗ ಒಂದು ಸಂಗತಿ ನನಗೆ ಹೊಳೆಯಿತು. ಅಷ್ಟು ವರ್ಷಗಳಲ್ಲಿ, ರಾತ್ರಿ ನಾಯಿಮರಿ ಅತ್ತದ್ದನ್ನು ನಾನು ನಮ್ಮ ಮಂದೆಯಲ್ಲಿ ಕೇಳಿಯೇ ಇರಲಿಲ್ಲ. ನಾಯಿ ಮರಿ ಹಾಕಿದರೆ ಕುರಿಗಳ ನಡುವೆಯೇ ಹಾಕುತ್ತಿತ್ತು. ಬೇರೆ ಮಂದೆಯಿಂದ ಮರಿ ತಂದರೆ, ಎಳೆಯ ಕುರಿಮರಿಗಳನ್ನು ಕೂಡುವ ಗೂಡಿನೊಳಗೆ ಅದನ್ನೂ ಬಿಡುತ್ತಿದ್ದರು; ಕುರಿಮರಿಗಳ ಹೊಟ್ಟೆಯ ಕೆಳಗೆ ತೂರಿ ಅದು ಮಲಗಿಬಿಡುತ್ತಿತ್ತು. ಗೂಡು ತುಂಬಿದ್ದರೆ ಯಾರಾದರೂ ಕಂಬಳಿಯೊಳಗೆ ಎಳೆದುಕೊಳ್ಳುತ್ತಿದ್ದರು. ಅದನ್ನು ದಯೆಯೆಂದು ಯಾರೂ ಎಣಿಸಿದ್ದಿಲ್ಲ. ಕುರಿಯ ಜೊತೆ ಮಲಗಿ ಬೆಳೆದ ನಾಯಿ ಕುರಿಯನ್ನು ತನ್ನ ಬಳಗವೆಂದು ಕಾಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಇಬ್ಬರು ಅಮೆರಿಕದವರು ಮರಿಗಳನ್ನು ಪರೀಕ್ಷಿಸಿ ಬರೆದದ್ದನ್ನು ನಮ್ಮ ಅಜ್ಜ ಓದಿರಲಿಲ್ಲ, ಓದಲು ಬರುತ್ತಲೂ ಇರಲಿಲ್ಲ.

ಆದ್ದರಿಂದ, "ಅಳಲಿ ಬಿಡು" ಎಂಬುದು ನಮ್ಮ ಹಳೆಯ ಕಾಲದ ಕಟ್ಟುನಿಟ್ಟು, ಎದ್ದು ಹೋಗುವುದು ಈಗಿನ ಪಟ್ಟಣದವರ ಮುದ್ದು ಎಂದು ಹೇಳುವವರು ವಿಷಯವನ್ನು ತಲೆಕೆಳಗು ಮಾಡುತ್ತಿದ್ದಾರೆ. ಒಂದು ಮನೆ, ಒಂದು ಕಾಂಪೌಂಡು, ಒಂದೇ ಒಂದು ಮರಿ, ಅದನ್ನು ರಾತ್ರಿ ಸಿಮೆಂಟಿನ ನೆಲದ ಮೇಲೆ ಒಂಟಿಯಾಗಿ ಬಿಡುವುದು ಇವೆಲ್ಲ ಹೊಸವು. ಅಳುವೂ ಈ ಹೊಸ ವ್ಯವಸ್ಥೆಯ ಕೂಸೇ.

ಅಪ್ಪನ ಮಂಡಿ ಸೋತ ಮೇಲೆ ಮಂದೆಯನ್ನು ಮಾರಿದೆವು. ಹೋದ ಚಳಿಗಾಲದಲ್ಲಿ ನನ್ನ ತಂಗಿ ಹಟ ಹಿಡಿದು, ಪಕ್ಕದ ಹಟ್ಟಿಯ ಮಂದೆಯಿಂದ ಒಂದು ಕಂದು ಬಣ್ಣದ ಗಂಡು ಮರಿಯನ್ನು ತರಿಸಿದಳು. ಒಂಬತ್ತು ವಾರದ್ದು. ಕರಿಯ ಎಂದು ಹೆಸರು. ಕಂದು ನಾಯಿಗೆ ಕರಿಯನೆಂಬ ಹೆಸರೇಕೆಂದು ಕೇಳಬೇಡಿರಿ. ನಮ್ಮ ಮನೆಯ ಎಲ್ಲ ಗಂಡು ನಾಯಿಗಳೂ ಕರಿಯನೇ. ಈಗ ಹಟ್ಟಿಯಲ್ಲಿ ಕುರಿಯೂ ಇಲ್ಲ, ಕುರಿಮರಿಯ ಗೂಡೂ ಇಲ್ಲ. ಆರ್.ಸಿ.ಸಿ. ಮನೆ. ಆಗ ನನಗೆ ಐದನೆಯ ಸೆಮಿಸ್ಟರಿನ ಪರೀಕ್ಷೆ ಹತ್ತಿರವಾಗಿತ್ತು. ಮೋತಿಯ ಮೂರು ರಾತ್ರಿಗಳು ನನಗೆ ನೆನಪಾಗಿ ಎದೆ ಧಸಕ್ಕೆಂದಿತು.

ಅಪ್ಪ ಮರಿಯ ಜೊತೆಯಲ್ಲೇ ಅದರ ತಾಯಿ ಮಲಗುತ್ತಿದ್ದ ಗೋಣಿಯ ತುಂಡೊಂದನ್ನೂ ತಂದಿದ್ದರು. ವಾಸನೆ ಹೊಡೆಯುತ್ತಿತ್ತು. ಅವ್ವ ಒಗೆಯಲು ಎತ್ತಿಕೊಂಡರೆ ಬಿಡಲಿಲ್ಲ. ಅದನ್ನು ಹಳೆಯ ಈಚಲು ಬುಟ್ಟಿಯಲ್ಲಿ ಹಾಸಿ, ಮೇಲೆ ಹರಕು ಕಂಬಳಿ ಹಾಕಿ, ಪಡಸಾಲೆಯಲ್ಲಿ ತಮ್ಮ ಚಾಪೆಯ ಪಕ್ಕಕ್ಕೆ ಇಟ್ಟುಕೊಂಡರು.

"ದೇವರ ಗೂಡು ಇರೋ ಮನೇಲಿ ನಾಯಿ ಮಲಗಿಸ್ತೀಯಾ? ಆಚೆ ಜಗುಲಿ ಮ್ಯಾಲೆ ಕಟ್ಟು" ಎಂದಳು ಅವ್ವ.

"ಮರಿ ಅಳ್ತೈತೆ ಅಂದ್ರೆ ಒಂಟಿಯಾಗೈತೆ ಅಂತ. ಇನ್ನೇನು ಬಾಯಿ ಬಿಟ್ಟು ಹೇಳ್ತೈತಾ ಅದು? ನಮ್ಮ ಮನೆದೇವರು ಮೈಲಾರಲಿಂಗ. ಅವನ ಗೊರವಯ್ಯಗಳು ನಾಯಾಗಿ ಬೊಗಳಿ ಎಡೆ ಉಣ್ಣಲ್ವಾ? ಸುಮ್ನಿರು" ಎಂದರು ಅಪ್ಪ.

ಅವ್ವ ಸುಮ್ಮನಾಗಲಿಲ್ಲ, ಒಂದು ಷರತ್ತು ಹಾಕಿದಳು: ಅಡಿಗೆಮನೆಯ ಹೊಸಲು ದಾಟಬಾರದು. ಆ ಷರತ್ತನ್ನು ಕರಿಯ ಇಂದಿಗೂ ಪಾಲಿಸುತ್ತಿದ್ದಾನೆ. ಹೊಸಲಿನ ಮೇಲೆ ಗದ್ದ ಇಟ್ಟುಕೊಂಡು ಮಲಗುವುದು ದಾಟಿದಂತಾಗುತ್ತದೆಯೇ ಎಂಬ ವಾದ ಮಾತ್ರ ಇನ್ನೂ ನಡೆಯುತ್ತಿದೆ.

ಆ ರಾತ್ರಿ ಅದು ಅಳಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಅತ್ತಿತು. ಅಪ್ಪ ಮಲಗಿದಲ್ಲಿಂದಲೇ ಕೈಯನ್ನು ಬುಟ್ಟಿಯೊಳಗೆ ಇಳಿಬಿಟ್ಟರು. ಅದು ಕೈಯನ್ನು ಮೂಸಿತು, ಬೆರಳನ್ನು ಚೀಪಿತು, ಅಂಗೈಯ ಮೇಲೆ ಮುಖವಿಟ್ಟು ಮಲಗಿತು. ಅಪ್ಪ ದೀಪ ಹಾಕಲಿಲ್ಲ, ಮುದ್ದು ಮಾತಾಡಲಿಲ್ಲ, ಎತ್ತಿ ಆಡಿಸಲಿಲ್ಲ. ಇದನ್ನು ನಾನು ವಿಶೇಷವಾಗಿ ಗಮನಿಸಿದೆ. ಎದ್ದು ಹೋಗುವವರು ಮಾಡುವ ತಪ್ಪು ಇಲ್ಲಿಯೇ: ದೀಪ ಹಾಕಿ, ಹಾಲು ಕೊಟ್ಟು, ಮನೆಮಂದಿಯನ್ನೆಲ್ಲ ಎಬ್ಬಿಸಿ ಜಾತ್ರೆ ಮಾಡಿದರೆ ಮರಿ ರಾತ್ರಿಯನ್ನು ಆಟದ ಹೊತ್ತೆಂದೇ ತಿಳಿಯುತ್ತದೆ. ಆಮೇಲೆ "ಮುದ್ದು ಮಾಡಿದರೆ ಕೆಡುತ್ತದೆ" ಎಂದು ದೂರುತ್ತಾರೆ. ಹಾಲಿನ ಮಾತು ಬಂದದ್ದರಿಂದ ಹೇಳುತ್ತೇನೆ, ಹಸುವಿನ ಹಾಲು ಹೆಚ್ಚಾದರೆ ಮರಿಗೆ ಭೇದಿಯಾಗುತ್ತದೆ. ರಾತ್ರಿ ಅಳುವಿಗೆ ಅದೂ ಒಂದು ಕಾರಣವಾದೀತು.

ಒಂದು ಗಂಟೆಯ ಸುಮಾರಿಗೆ ಮತ್ತೆ ಕುಂಯ್ ಎಂದಿತು. ಈ ಸಲದ ದನಿ ಬೇರೆ, ಬುಟ್ಟಿಯನ್ನು ಕೆರೆಯುತ್ತಿತ್ತು. ಅಪ್ಪ, "ಏಳೋ, ನಿನ್ನ ಸರದಿ. ಆಚೆ ಬಿಟ್ಟುಕೊಂಡು ಬಾ" ಎಂದರು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆಯಲಾರದು. ಒಂದು ತಿಂಗಳ ವಯಸ್ಸಿಗೆ ಸುಮಾರು ಒಂದು ಗಂಟೆ ಎಂದು ನಾಯಿ ಸಾಕುವವರ ಲೆಕ್ಕ. ಆ ಚಳಿಯಲ್ಲಿ ನಾನು ಕರಿಯನನ್ನು ಎತ್ತಿಕೊಂಡು ಹೋಗಿ ಬೇವಿನ ಮರದ ಬುಡದಲ್ಲಿ ಬಿಟ್ಟೆ. ಅವನು ತನ್ನ ಕೆಲಸ ಮುಗಿಸಿ ನನ್ನ ಪಾದದ ಮೇಲೆ ಬಂದು ಕುಳಿತನು. ನಾಲ್ಕು ಗಂಟೆಗೆ ಮತ್ತೊಮ್ಮೆ ಹೋದೆವು. ಎದ್ದವನು ಹೇಗೂ ಎದ್ದೆನೆಂದು ಓದಲು ಕುಳಿತೆ. ರಾಷ್ಟ್ರಕೂಟರ ಅಧ್ಯಾಯವನ್ನು ಮುಗಿಸಿದ್ದು ಹಾಗೆ. ನನ್ನ ಅಂಕಪಟ್ಟಿಯಲ್ಲಿ ಕರಿಯನ ಪಾಲೂ ಇದೆ.

ರಾಷ್ಟ್ರಕೂಟರೆಂದಾಗ ನೆನಪಾಯಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನವನ್ನು ನಮ್ಮ ಇತಿಹಾಸದ ಸಹಪಾಠಿಗಳೆಲ್ಲ ಬಲ್ಲರು. ಸುಮಾರು ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ಪ್ರಸ್ತಾಪ ಅದರಲ್ಲಿರುವುದರಿಂದ ಪರೀಕ್ಷೆಗೆ ಅದು ಮುಖ್ಯ. ಆದರೆ ಆ ಕಲ್ಲು ನಿಂತದ್ದು ಒಂದು ನಾಯಿಗಾಗಿ. ಗಂಗರ ಬೂತುಗನ ಸೇವಕ ಮಣಲೇರನು, ತನ್ನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಅದು ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವನು ಉಣ್ಣಬಾರದೆಂದು ಕಟ್ಟುಮಾಡಿದರು. ಸಾವಿರ ವರ್ಷಗಳ ಹಿಂದೆ ನಾಯಿಗೆ ಇಷ್ಟು ಮರ್ಯಾದೆ ಕೊಟ್ಟ ನಾಡಿನಲ್ಲಿ ಈಗ "ನಾಯಿ" ಎಂಬುದು ಬೈಗುಳವಾಗಿದೆ, ಇರಲಿ. ಆ ಕಾಳಿ ಮರಿಯಾಗಿದ್ದಾಗ ಅದನ್ನು ಪಕ್ಕದಲ್ಲಿ ಮಲಗಿಸಿಕೊಂಡವರು ಯಾರೆಂದು ಶಾಸನ ಹೇಳುವುದಿಲ್ಲ. ಯಾರೋ ಒಬ್ಬರು ಇದ್ದಿರಲೇಬೇಕು.

ಐದನೆಯ ರಾತ್ರಿಯಿಂದ ಕರಿಯ ಒಂದೇ ಸಲ ಏಳತೊಡಗಿದ. ಒಂದು ವಾರದ ಮೇಲೆ ಅಪ್ಪ ಬುಟ್ಟಿಯನ್ನು ತಲೆಯ ಬಳಿಯಿಂದ ಕಾಲಿನ ಬಳಿಗೆ ಸರಿಸಿದರು. ಆಮೇಲೆ ಬಾಗಿಲ ಬಳಿಗೆ. ಮೂರು ವಾರವಾದ ಮೇಲೆ ಹೊರಗಿನ ಜಗುಲಿಗೆ, ಬಾಗಿಲು ತೆರೆದಿಟ್ಟು, ಆಮೇಲೆ ಮುಚ್ಚಿ. ಅವನಿಗೆ ತಾನು ಸರಿದದ್ದೇ ತಿಳಿಯಲಿಲ್ಲವೆಂದು ತೋರುತ್ತದೆ. ಮೂರು ತಿಂಗಳು ತುಂಬಿದಾಗ ಪಶು ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ವೈದ್ಯರು ಬಾಯಿ ಬಿಡಿಸಿ ಹಲ್ಲು ನೋಡಿದರೂ ಸುಮ್ಮನಿದ್ದ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮುಖ್ಯವಾದದ್ದು ಮಾವನವರದೇ: ಕೂಗಿದಾಗಲೆಲ್ಲ ಹೋದರೆ ಕೂಗುವುದೇ ಅಭ್ಯಾಸವಾಗುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಆರು ತಿಂಗಳ ನಾಯಿ ಹೊಟ್ಟೆ ತುಂಬಿ, ಬೆಚ್ಚಗಿದ್ದು, ಆಟಕ್ಕೆ ಕರೆಯಲೆಂದು ಬೊಗಳಿದರೆ ಹೋಗಬೇಕಾಗಿಲ್ಲ, ನಾವೂ ಹೋಗುವುದಿಲ್ಲ. ಆದರೆ ಎಂಟು ವಾರದ ಮರಿಯ ಮೊದಲ ರಾತ್ರಿಗೂ ಅದಕ್ಕೂ ಏನು ಸಂಬಂಧ? ಎದೆಹಾಲು ಕುಡಿಯುವ ಕೂಸಿನ ಅಳುವನ್ನೂ ಹೈಸ್ಕೂಲು ಹುಡುಗನ ರಂಪವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ನಾವು ಬುದ್ಧಿವಂತರೆನ್ನುತ್ತೇವೆಯೆ?

ಎರಡನೆಯದು ಹೆಚ್ಚು ಗಂಭೀರವಾದದ್ದು. "ಮನುಷ್ಯರೇ ಬಸ್ ನಿಲ್ದಾಣದಲ್ಲಿ ಮಲಗುವ ದೇಶದಲ್ಲಿ ನಾಯಿಗೆ ಲಾಲಿಯೆ?" ಎಂದು ನನ್ನ ಕೋಣೆಯ ಮಿತ್ರನು ಕೇಳಿದನು. ಅವನ ಕೋಪ ನ್ಯಾಯವಾದದ್ದು. ಪಟ್ಟಣದ ಕೆಲವು ಮನೆಗಳಲ್ಲಿ ನಾಯಿಗೆ ತಂಪು ಯಂತ್ರ, ಕೆಲಸದವಳಿಗೆ ಹಳಸಿದ ಅನ್ನ ಎಂಬುದನ್ನು ಅವನೂ ನಾನೂ ನೋಡಿದ್ದೇವೆ. ಹಿಮದ ನಾಡಿನ ಹಸ್ಕಿಯನ್ನು ನಮ್ಮ ಬಯಲುಸೀಮೆಯ ಬಿಸಿಲಿಗೆ ತಂದು ಕಟ್ಟುವವರ ಮೇಲೆ ನನಗೂ ಅಷ್ಟೇ ಕೋಪವಿದೆ. ನಮ್ಮದೇ ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿದ್ದರೂ ಇವರ ಕಣ್ಣಿಗೆ ಬೀಳಲಿಲ್ಲ. ಆದರೆ ನಾನು ಹೇಳುತ್ತಿರುವುದಕ್ಕೆ ತಗಲುವ ವೆಚ್ಚ ಒಂದು ಹರಕು ಕಂಬಳಿ, ಎರಡು ವಾರದ ಅರೆನಿದ್ದೆ. ಇದನ್ನು ಮಾಡದೆ ಹೋದರೆ ನಷ್ಟ ನಾಯಿಗೆ ಮಾತ್ರ ಅಲ್ಲ. ಮೋತಿಯ ಬಾಯಿಗೆ ಸಿಕ್ಕಿದ್ದು ಮಾವನ ಕಾಲಲ್ಲ, ನಾನಲ್ಲ. ಬೆಳಗಿನ ಜಾವ ಸೈಕಲ್ ತುಳಿದು ಹಾಲು ಹಾಕುವ ಹುಡುಗನ ಕಾಲು. ಕಾಂಪೌಂಡಿನೊಳಗೆ ಕೆಡಿಸಿದ ನಾಯಿಯನ್ನು ಬೀದಿಗೆ ಬಿಟ್ಟರೆ ಅದು ಎದುರುಗೊಳ್ಳುವುದು ಕಾರಿನಲ್ಲಿ ಹೋಗುವವರನ್ನಲ್ಲ.

2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದಾಗಲೂ, ಅದೇ ತಿಂಗಳ 22ರಂದು ಆ ಆದೇಶವನ್ನು ಮಾರ್ಪಡಿಸಿ, ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು, ರೋಗಪೀಡಿತವಾದುವನ್ನೂ ಮೇಲೆ ಬೀಳುವಂಥವನ್ನೂ ಹೊರತುಪಡಿಸಿ, ಹಿಡಿದ ಜಾಗಕ್ಕೇ ಬಿಡಬೇಕೆಂದಾಗಲೂ ನಮ್ಮ ಕ್ಯಾಂಟೀನಿನಲ್ಲಿ ದೊಡ್ಡ ವಾದವೇ ನಡೆಯಿತು. ನಾಯಿಪ್ರೇಮಿಗಳು ಒಂದು ಕಡೆ, ಕಚ್ಚಿಸಿಕೊಂಡವರು ಒಂದು ಕಡೆ. ಈ ನಾಯಿಗಳಲ್ಲಿ ಕೆಲವಾದರೂ ಯಾವುದೋ ಮನೆಯ ಮೆಟ್ಟಿಲ ಕೆಳಗಿನಿಂದ ಗೋಣಿಚೀಲದಲ್ಲಿ ಬಂದವೆಂಬುದನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಚೀಲದ ಬಾಯಿ ಹಿಡಿದವನಿಗೆ ನಾಲಿಗೆ ಏಳಲಿಲ್ಲ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಹಾಗಾದರೆ ರಾತ್ರಿ ಪಾಳಿಯ ಕೆಲಸದವರು, ಒಬ್ಬರೇ ಇರುವವರು, ಕಾಯಿಲೆಯ ಹಿರಿಯರಿರುವ ಮನೆಯವರು ನಾಯಿ ಸಾಕಲೇಬಾರದೆ? ಸಾಕಬಹುದು, ಮರಿಯನ್ನೇ ಏಕೆ ತರಬೇಕು? ರಾತ್ರಿಯೆಲ್ಲ ಮಲಗಲು ಕಲಿತ, ಒಂದು ವರ್ಷ ದಾಟಿದ ನಾಯಿಗಳು ಒಂದು ಮನೆಗಾಗಿ ಕಾಯುತ್ತಿರುತ್ತವೆ. ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗಳು ಮಾತ್ರ ದಯವಿಟ್ಟು ತರಬೇಡಿರಿ. ಹುಟ್ಟುಹಬ್ಬಕ್ಕೆ ಗೆಳತಿಗೆ ನಾಯಿಮರಿಯನ್ನು ಉಡುಗೊರೆ ಕೊಡುವ ಪದ್ಧತಿಯೊಂದು ನಮ್ಮ ಕಾಲೇಜಿನಲ್ಲಿಯೂ ಇದೆಯೆಂದು ಕೇಳಿದ್ದೇನೆ. ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಆ ಉಡುಗೊರೆಯನ್ನು ಅದೇ ಸಂಜೆ ಗೇಟಿನ ಹೊರಗೆ ಕಳಿಸಿದರಂತೆ. ಗೆಳತಿಗೆ ಪುಸ್ತಕ ಕೊಡಿರಿ. ಅದು ರಾತ್ರಿ ಅಳುವುದಿಲ್ಲ.

ಮರಿ ತರುವ ಮನೆಯವರು ಮೊದಲು ಕುಳಿತು ಒಂದು ಮಾತು ಆಡಿಕೊಳ್ಳಬೇಕು: ರಾತ್ರಿ ಒಂದು ಗಂಟೆಗೆ ಯಾರು ಏಳುವವರು, ನಾಲ್ಕು ಗಂಟೆಗೆ ಯಾರು? ಹೆಸರು ಹಿಡಿದು ಹೇಳಬೇಕು. ಬಣ್ಣ ಯಾವುದು, ತಳಿ ಯಾವುದು, ಹೆಸರೇನು ಎಂಬುದು ಆಮೇಲೆ. ನಮ್ಮ ಮನೆಯಲ್ಲಿ ಒಂದು ಗಂಟೆ ನನ್ನದು, ನಾಲ್ಕು ಗಂಟೆ ಅಪ್ಪನದೆಂದು ಗೊತ್ತಾಗಿತ್ತು. ಹಟ ಹಿಡಿದು ಮರಿ ತರಿಸಿದ ತಂಗಿ ಎರಡು ವಾರವೂ ಸೊಗಸಾಗಿ ನಿದ್ದೆ ಮಾಡಿದಳೆಂಬುದನ್ನು ಇಲ್ಲಿ ದಾಖಲೆ ಮಾಡುತ್ತೇನೆ.

ಕರಿಯನನ್ನು ಕೊಟ್ಟ ಹಟ್ಟಿಯಲ್ಲಿ ಅವನ ತಾಯಿ ಮತ್ತೆ ನಾಲ್ಕು ಮರಿ ಹಾಕಿದೆ. ಎರಡು ಗಂಡು, ಎರಡು ಹೆಣ್ಣು. ಕಣ್ಣು ಈಗ ತಾನೇ ಬಿಟ್ಟಿವೆ. ಎಂಟು ವಾರ ತುಂಬುವವರೆಗೆ ಅವರು ಯಾರಿಗೂ ಕೊಡುವುದಿಲ್ಲ. ಅಷ್ಟರಲ್ಲಿ ನಮ್ಮ ಪರೀಕ್ಷೆಗಳೂ ಮುಗಿದಿರುತ್ತವೆ. ಬೇಕಾದವರು ನನ್ನನ್ನು ಕೇಳಬಹುದು. ತಾಯಿಯ ಗೋಣಿಯ ತುಂಡನ್ನು ಮಾತ್ರ ಮರೆಯದೆ ಜೊತೆಗೆ ಒಯ್ಯಬೇಕು, ಒಗೆಯಬಾರದು.